ಪ್ರಶ್ನೋತ್ತರ: ನಾಳೆಗೆ ಹೋಗಬಹುದು, ನಿನ್ನೆಗೆ ಯಾಕೆ ಆಗುತ್ತಿಲ್ಲ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ): ಸರ್, ವೇಗ ಹೆಚ್ಚಾದಷ್ಟೂ ಸಮಯ ನಿಧಾನ ಅಂತಾರೆ. ಇದು ಬರೀ ಸೂತ್ರವೋ, ನಿಜಕ್ಕೂ ಯಾರಾದರೂ ಭವಿಷ್ಯಕ್ಕೆ ಹೋಗಿದ್ದಾರೋ?

ಉತ್ತರ (ಭೌತಶಾಸ್ತ್ರ ಅಧ್ಯಾಪಕರು): ಹೋಗಿದ್ದಾರಮ್ಮ, ಆದರೆ ರೆಪ್ಪೆ ಮಿಟುಕಿಸುವಷ್ಟು ಹೊತ್ತೂ ಅಲ್ಲ. ರಷ್ಯಾದ ಗಗನಯಾತ್ರಿ ಒಲೆಗ್ ಕೊನೊನೆಂಕೊ ಒಟ್ಟು 1,111 ದಿನ ಬಾಹ್ಯಾಕಾಶದಲ್ಲಿದ್ದರು, ಬಹುಪಾಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ. ನಿಲ್ದಾಣದ ವೇಗ ಸೆಕೆಂಡಿಗೆ ಸುಮಾರು 7.66 ಕಿ.ಮೀ. ಆ ವೇಗದಿಂದ ಅಲ್ಲಿನ ಗಡಿಯಾರ ಹಿಂದೆ ಬೀಳುತ್ತದೆ. ಎತ್ತರದಲ್ಲಿ ಗುರುತ್ವ ಕಡಿಮೆಯಾಗಿ ಗಡಿಯಾರ ಚುರುಕಾಗುವ ಕಾರಣ, ಬಿದ್ದದ್ದರಲ್ಲಿ ಎಂಟನೇ ಒಂದು ಭಾಗ ವಾಪಸ್ ಸಿಗುತ್ತದೆ. ಕೂಡಿ ಕಳೆದರೆ ಅವರಿಗೆ ನಮಗಿಂತ ಸುಮಾರು 0.027 ಸೆಕೆಂಡ್ ಕಡಿಮೆ ವಯಸ್ಸಾಗಿದೆ, ಅಂದರೆ ಅಷ್ಟು ಮುಂದಿನ ಕಾಲಕ್ಕೆ ಬಂದಿಳಿದಂತೆ.

ನೇರ ಅಳತೆ 1971ರದು. ಅಮೆರಿಕದ ವಿಜ್ಞಾನಿಗಳಾದ ಹೇಫೆಲೆ ಮತ್ತು ಕೀಟಿಂಗ್ ನಾಲ್ಕು ಸೀಸಿಯಂ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನದಲ್ಲೇ ಭೂಮಿ ಸುತ್ತಿಸಿದರು. ಪೂರ್ವಕ್ಕೆ ಹೋದಾಗ ಅವು 59 ನ್ಯಾನೊಸೆಕೆಂಡ್ ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದಾಗ 273 ನ್ಯಾನೊಸೆಕೆಂಡ್ ಮುಂದೆ ಬಂದವು. ವಿಮಾನದ ವೇಗವನ್ನಷ್ಟೇ ಹಾಕಿ ಲೆಕ್ಕ ಮಾಡಿದರೆ ಈ ವ್ಯತ್ಯಾಸ ಬರುವುದೇ ಇಲ್ಲ. ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ಪೂರ್ವದ ವಿಮಾನಕ್ಕೆ ಆ ವೇಗ ಕೂಡುತ್ತದೆ, ಪಶ್ಚಿಮದ್ದಕ್ಕೆ ಕಳೆಯುತ್ತದೆ. ಪರೀಕ್ಷೆಯಲ್ಲಿ ಅರ್ಧ ತರಗತಿ ಎಡವುವುದು ಇಲ್ಲೇ.

ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯುಯಾನ್ ಕಣದ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರಿಗೆ ಮುಗಿಯಬೇಕು. ಆದರೆ ಓಟದಲ್ಲಿ ಅವುಗಳ ಸಮಯ ನಿಧಾನವಾಗುವುದರಿಂದ, ಹತ್ತು-ಹದಿನೈದು ಕಿ.ಮೀ. ಮೇಲೆ ಹುಟ್ಟಿದವು ನೆಲ ಮುಟ್ಟುತ್ತವೆ, ನೆಲದೊಳಕ್ಕೂ ಇಳಿಯುತ್ತವೆ. ಕೋಲಾರದ ಚಿನ್ನದ ಗಣಿಯಲ್ಲಿ, ಆಳ ಹೆಚ್ಚಿದಂತೆ ಅವುಗಳ ಎಣಿಕೆ ಹೇಗೆ ಇಳಿಯುತ್ತದೆಂದು 1960ರ ದಶಕದಲ್ಲಿ ಅಳೆದಿದ್ದಾರೆ.

ಪ್ರಶ್ನೆ: ಒಂದು ವರ್ಷ ಪ್ರಯಾಣ ಮಾಡಿ ಹತ್ತು ವರ್ಷ ಮುಂದಕ್ಕೆ ಬಂದಿಳಿಯಬೇಕು. ಏನೇನು ಬೇಕು?

ಉತ್ತರ (ಭೌತಶಾಸ್ತ್ರ ಅಧ್ಯಾಪಕರು): ಬೆಳಕಿನ ವೇಗದ ಶೇ. 99.5. ಶೇ. 99 ಸಾಕು ಅಂದುಕೊಳ್ಳಬೇಡಿ, ಅದರಲ್ಲಿ ಸಿಗುವುದು ಏಳು ಪಟ್ಟು ಮಾತ್ರ. ಹತ್ತು ಪಟ್ಟಿಗೆ ಪ್ರತಿ ಕಿಲೋಗ್ರಾಂ ತೂಕಕ್ಕೂ ಸುಮಾರು 22,500 ಕೋಟಿ ಯೂನಿಟ್ ಶಕ್ತಿ ಬೇಕು. 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಒಂದು ಗಳಿಗೆಯೂ ನಿಲ್ಲದೆ ಪೂರ್ಣ ಸಾಮರ್ಥ್ಯದಲ್ಲಿ 25 ವರ್ಷ ಓಡಿದರೆ ಅಷ್ಟಾಗುತ್ತದೆ, ಅದೂ ಒಂದು ಕಿಲೋಗ್ರಾಂಗೆ. ತಿರುಗುವುದಕ್ಕೆ, ನಿಲ್ಲುವುದಕ್ಕೆ ಬೇರೆ ಖರ್ಚು. ಇನ್ನು ದಾರಿಯಲ್ಲಿ ಸಿಗುವ ಒಂದೊಂದು ಹೈಡ್ರೊಜನ್ ಪರಮಾಣುವೂ 840 ಕೋಟಿ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯ ಅಳತೆ) ಶಕ್ತಿಯಿಂದ ಹಡಗಿಗೆ ಬಡಿಯುತ್ತದೆ. ನಿಯಮ ಅಡ್ಡಿ ಬರುವುದಿಲ್ಲ, ಸಾಮಗ್ರಿ ಇಲ್ಲ ಅಷ್ಟೆ.

ಪ್ರಶ್ನೆ: ಉಪಗ್ರಹಗಳ ಗಡಿಯಾರ ನಿಧಾನ ಓಡುತ್ತದಲ್ಲ, ಸರಿಪಡಿಸದಿದ್ದರೆ ದಿನಕ್ಕೆ 11 ಕಿ.ಮೀ. ದಾರಿ ತಪ್ಪುತ್ತದಂತೆ?

ಉತ್ತರ (ಉಪಗ್ರಹ ಪಥದರ್ಶನ ಕ್ಷೇತ್ರದವರು): ಎರಡೂ ಮಾತು ತಿದ್ದಬೇಕು. ವೃತ್ತಾಕಾರದ ಕಕ್ಷೆಯಲ್ಲಿ ಸುಮಾರು 3,200 ಕಿ.ಮೀ. ಎತ್ತರದವರೆಗೆ ವೇಗದ ಪರಿಣಾಮ ಗೆಲ್ಲುತ್ತದೆ, ಗಡಿಯಾರ ನಿಧಾನ. ಅದರ ಮೇಲೆ ಗುರುತ್ವದ ಪರಿಣಾಮ ಗೆಲ್ಲುತ್ತದೆ, ಗಡಿಯಾರ ಚುರುಕು. ಜಿಪಿಎಸ್ ಉಪಗ್ರಹದಲ್ಲಿ ದಿನಕ್ಕೆ 45.7 ಮೈಕ್ರೊಸೆಕೆಂಡ್ ಲಾಭ, 7.2 ನಷ್ಟ, ಉಳಿಯುವುದು 38ರಷ್ಟು. ಇನ್ನೂ ಎತ್ತರದಲ್ಲಿರುವ ಭಾರತದ್ದೇ ಪಥದರ್ಶನ ವ್ಯವಸ್ಥೆಯಾದ ನಮ್ಮ ನಾವಿಕ್ ಉಪಗ್ರಹಗಳಲ್ಲಿ ಅದು ಸುಮಾರು 46. ಅದಕ್ಕೇ ಜಿಪಿಎಸ್ ಗಡಿಯಾರವನ್ನು ಹಾರಿಸುವ ಮೊದಲೇ 10.23 ಮೆಗಾಹರ್ಟ್ಸ್ ಬದಲು 10.22999999543ಕ್ಕೆ ಇಳಿಸಿ ಕಳಿಸುತ್ತಾರೆ.

ಆ 11 ಕಿ.ಮೀ. ಎನ್ನುವುದು 38 ಮೈಕ್ರೊಸೆಕೆಂಡನ್ನು ಬೆಳಕಿನ ವೇಗದಿಂದ ಗುಣಿಸಿದ್ದು. ಎಲ್ಲ ಉಪಗ್ರಹಗಳಲ್ಲೂ ತಪ್ಪು ಒಂದೇ ಆಗಿದ್ದರೆ ರಿಸೀವರ್ ಅದನ್ನು ತನ್ನ ಗಡಿಯಾರದ ತಪ್ಪೆಂದು ತಿಳಿದು ಕಳೆದುಬಿಡುತ್ತದೆ. ಸ್ಥಾನ ಅಷ್ಟೇನೂ ಕೆಡುವುದಿಲ್ಲ. ನಿಜವಾದ ಕಾಟ ಕಕ್ಷೆಯ ಉತ್ಕೇಂದ್ರತೆಯದು, ಅಂದರೆ ಕಕ್ಷೆ ವೃತ್ತವಾಗದೆ ತುಸು ಉದ್ದುದ್ದವಾಗಿರುವುದು. ಅದು 0.01 ಇದ್ದರೂ ಸಮಯ 23 ನ್ಯಾನೊಸೆಕೆಂಡ್ ಹಿಂದೆ ಮುಂದೆ ತೂಗುತ್ತದೆ, ದೂರದಲ್ಲಿ 7 ಮೀಟರ್. ಇದು ಒಂದೊಂದು ಉಪಗ್ರಹಕ್ಕೆ ಒಂದೊಂದು ಥರ, ಹಾಗಾಗಿ ಈ ತಿದ್ದುಪಡಿಯನ್ನು ರಿಸೀವರಿನೊಳಗೇ ಮಾಡಬೇಕು. ಸ್ವಂತ ರಿಸೀವರ್ ಕೋಡ್ ಬರೆಯುವವರು ಮರೆಯುವುದು ಈ ಸಾಲನ್ನೇ.

ಪ್ರಶ್ನೆ: ಹಿಂದಕ್ಕೆ ಹೋಗುವ ವಿಷಯ ಹೇಳಿ ಸರ್. ವರ್ಮ್‌ಹೋಲ್‌ನಿಂದ, ಅಂದರೆ ವಿಶ್ವದ ಎರಡು ಕಡೆಗಳನ್ನು ಜೋಡಿಸುವ ಒಳದಾರಿಯಿಂದ, ಆಗುತ್ತದಂತಲ್ಲ?

ಉತ್ತರ (ಭೌತಶಾಸ್ತ್ರ ಅಧ್ಯಾಪಕರು): ಐನ್‌ಸ್ಟೈನರ ಗುರುತ್ವದ ಸಮೀಕರಣಗಳು ಬೇಡ ಎನ್ನುವುದಿಲ್ಲ. 1949ರಲ್ಲಿ ಗೋಡೆಲ್, ಇಡೀ ವಿಶ್ವವೇ ತಿರುಗುತ್ತಿದ್ದರೆ ಹೊರಟ ಕ್ಷಣಕ್ಕೇ ಮರಳುವ ಹಾದಿಗಳಿರುತ್ತವೆಂದು ತೋರಿಸಿದರು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಸುಳಿವಿಲ್ಲ. 1974ರಲ್ಲಿ ಟಿಪ್ಲರ್ ಹೇಳಿದ ತಿರುಗುವ ಸಿಲಿಂಡರ್ ಅನಂತ ಉದ್ದದ್ದಾಗಿರಬೇಕು. ವಿವರವಾಗಿ ನೋಡಬೇಕಾದದ್ದು 1988ರಲ್ಲಿ ಮಾರಿಸ್, ಥಾರ್ನ್ ಮತ್ತು ಯುರ್ಟ್‌ಸೆವರ್ ಕೊಟ್ಟ ವಿಧಾನ.

ವರ್ಮ್‌ಹೋಲಿನ ಎರಡು ಬಾಯಿಗಳಲ್ಲಿ ಒಂದನ್ನು 2030ರಲ್ಲಿ ಮನೆಯಲ್ಲೇ ಇಡಿ. ಇನ್ನೊಂದನ್ನು ಮೇಲೆ ಹೇಳಿದ ಶೇ. 99.5 ವೇಗದಲ್ಲಿ ಸುತ್ತಾಡಿಸಿ ತನ್ನಿ. ಹೊರಗಿನ ಲೆಕ್ಕದಲ್ಲಿ ಅದು ಬಂದದ್ದು 2040ಕ್ಕೆ, ಅದರದೇ ಗಡಿಯಾರದಲ್ಲಿ ಕಳೆದದ್ದು ಒಂದೇ ವರ್ಷ. ಆದರೆ ಒಳದಾರಿಯ ಮೂಲಕ ನೋಡಿದರೆ ಎರಡೂ ಬಾಯಿಗಳ ಗಡಿಯಾರ ಸದಾ ಸಮ. ಹಾಗಾಗಿ ಸುತ್ತಾಡಿ ಬಂದ ಬಾಯಿಗೆ 2040ರಲ್ಲಿ ಹೊಕ್ಕವರು ಮನೆಯ ಬಾಯಿಂದ 2031ರಲ್ಲಿ ಹೊರಬರುತ್ತಾರೆ. 2050ರಲ್ಲಿ ಹೊಕ್ಕರೆ 2041. ಅಂತರ ಯಾವತ್ತೂ ಒಂಬತ್ತೇ ವರ್ಷ, ಬಾಯಿ ಮರಳಿ ಬಂದ ಮೇಲೆ ಹೊಕ್ಕವರು 2031ಕ್ಕಿಂತ ಹಿಂದಕ್ಕೆ ಹೋಗಲಾರರು. ಭವಿಷ್ಯದಿಂದ ಬಂದವರು ಇಲ್ಲೇಕೆ ಕಾಣುವುದಿಲ್ಲ ಎಂದು ಕೇಳುವವರಿಗೆ ಇಷ್ಟು ಸಾಕು: ಇಂಥ ಯಂತ್ರ ತನ್ನ ವರ್ಮ್‌ಹೋಲ್ ಹುಟ್ಟುವುದಕ್ಕಿಂತ ಹಿಂದಿನ ಕಾಲಕ್ಕೆ ಯಾರನ್ನೂ ಒಯ್ಯುವುದಿಲ್ಲ.

ಕೆಡುವುದು ಎಲ್ಲಿ? ಮೊದಲು, ವರ್ಮ್‌ಹೋಲಿನ ಗಂಟಲು, ಅಂದರೆ ಒಳದಾರಿಯ ಕಿರಿದಾದ ಭಾಗ, ತೆರೆದಿರಬೇಕು. ನಮ್ಮ ಭೌತವಿಜ್ಞಾನಿ ಅಮಲ್ ಕುಮಾರ್ ರಾಯ್‌ಚೌಧರಿ 1955ರಲ್ಲಿ ಪ್ರಕಟಿಸಿದ ಸಮೀಕರಣದ ಪ್ರಕಾರ ಸಾಮಾನ್ಯ ದ್ರವ್ಯ ಬೆಳಕಿನ ಕಿರಣಗಳನ್ನು ಒಟ್ಟುಗೂಡಿಸುತ್ತದೆ, ಚದುರಿಸುವುದಿಲ್ಲ. ಗಂಟಲಿನಿಂದ ಆಚೆ ಹೋದ ಕಿರಣಗಳು ಹರಡಬೇಕಾದರೆ ಋಣ ಶಕ್ತಿ, ಅಂದರೆ ಶೂನ್ಯಕ್ಕಿಂತ ಕಡಿಮೆ ಶಕ್ತಿ, ಬೇಕು. ಒಂದು ಮೀಟರ್ ಗಂಟಲಿಗೆ ಬೇಕಾಗುವುದು ಹೆಚ್ಚುಕಡಿಮೆ ಗುರುಗ್ರಹದ ರಾಶಿಯಷ್ಟು, ಋಣದಲ್ಲಿ. ಪ್ರಯೋಗಾಲಯದಲ್ಲಿ ಅದರ ಹತ್ತಿರಕ್ಕೆ ಬರುವುದಕ್ಕೆ ಒಂದು ಉದಾಹರಣೆ ಕ್ಯಾಸಿಮಿರ್ ಪರಿಣಾಮ: ಒಂದು ಮೈಕ್ರೊಮೀಟರ್ ಅಂತರದ ಎರಡು ಲೋಹದ ತಟ್ಟೆಗಳ ನಡುವೆ ಸುಮಾರು 1.3 ಮಿಲಿಪ್ಯಾಸ್ಕಲ್ ಸೆಳೆತ. ಹೋಲಿಸುವುದಕ್ಕೂ ಸಂಕೋಚವಾಗುತ್ತದೆ.

ಎರಡನೆಯದು ಇನ್ನೂ ಹಟಮಾರಿ. ಯಂತ್ರ ಕೆಲಸ ಶುರುಮಾಡುವ ಆ ಕ್ಷಣದಲ್ಲಿ ನಿರ್ವಾತದ ಏರಿಳಿತಗಳು (ಖಾಲಿ ಜಾಗದಲ್ಲೂ ಇರುವ ಕ್ವಾಂಟಂ ಕಂಪನಗಳು) ಒಳದಾರಿಯಲ್ಲಿ ಹೋಗಿ ಹೊರದಾರಿಯಲ್ಲಿ ಬಂದು ತಮ್ಮ ಮೇಲೆ ತಾವೇ ಪೇರಿಕೊಳ್ಳುತ್ತವೆ. ಹಾಗೆ ಪೇರಿದ ಶಕ್ತಿ ಯಂತ್ರವನ್ನು ಒಡೆಯುತ್ತದೆ ಎಂಬುದು 1992ರಲ್ಲಿ ಹಾಕಿಂಗ್ ಮುಂದಿಟ್ಟ ಕಾಲಕ್ರಮ ರಕ್ಷಣೆಯ ಊಹೆ. ಊಹೆಯೇ, ಸಾಧಿಸಿದ ಪ್ರಮೇಯವಲ್ಲ. ತೀರ್ಮಾನಕ್ಕೆ ಕ್ವಾಂಟಂ ಗುರುತ್ವದ ಸಿದ್ಧಾಂತ ಬೇಕು, ಅದಿನ್ನೂ ಕೈಗೆ ಬಂದಿಲ್ಲ. ನನ್ನ ಮಟ್ಟಿಗೆ ಹಾಕಿಂಗ್ ಪಕ್ಷವೇ ಗಟ್ಟಿ.

ಪ್ರಶ್ನೆ: ಹಾಗೂ ಹೋಗಿ ತಾತನನ್ನೇ ಕೊಂದರೆ?

ಉತ್ತರ (ಭೌತಶಾಸ್ತ್ರ ಅಧ್ಯಾಪಕರು): ತಾತನನ್ನು ಬಿಡಿ, ಬಿಲಿಯರ್ಡ್ಸ್ ಚೆಂಡು ತೊಗೊಳ್ಳಿ. ಅದು ಯಂತ್ರದೊಳಗೆ ಹೋಗಿ ಸ್ವಲ್ಪ ಹಿಂದಿನ ಕಾಲದಲ್ಲಿ ಹೊರಬಂದು, ಒಳಹೋಗಲಿರುವ ತನ್ನನ್ನೇ ಗುದ್ದಿ ಹಾದಿ ತಪ್ಪಿಸಿದರೆ? 1991ರಲ್ಲಿ ಇದನ್ನು ಲೆಕ್ಕ ಹಾಕಿದಾಗ ವಿರೋಧವಿಲ್ಲದ ಹಾದಿಗಳೂ ಸಿಕ್ಕವು: ಗುದ್ದು ಬರೀ ಸವರಿದಷ್ಟು, ಚೆಂಡು ತುಸು ಓರೆಯಾಗಿ ಒಳಹೋಗುತ್ತದೆ, ಆ ಓರೆಯಿಂದಲೇ ಮುಂದಿನ ಗುದ್ದೂ ಸವರಿದಷ್ಟೇ ಆಗುತ್ತದೆ. ತೊಡಕೆಂದರೆ ಇಂಥ ಉತ್ತರ ಒಂದಲ್ಲ, ಅನಂತ. ಅವುಗಳಲ್ಲಿ ಯಾವುದು ನಡೆಯುತ್ತದೆ ಎಂದು ನ್ಯೂಟನ್ನನ ನಿಯಮಗಳು ಹೇಳಲಾರವು.

ಪ್ರಶ್ನೆ (ಬಿಎಸ್ಸಿ ಬೋಧಕಿ): ಕಾಲೇಜು ಲ್ಯಾಬಿನಲ್ಲಿ ಇದರಲ್ಲಿ ಯಾವುದನ್ನಾದರೂ ಅಳೆಯಬಹುದೇ?

ಉತ್ತರ (ಭೌತಶಾಸ್ತ್ರ ಅಧ್ಯಾಪಕರು): ಮ್ಯುಯಾನ್ ಆಯಸ್ಸನ್ನು ಅಳೆಯಬಹುದು ಮೇಡಂ. ಒಂದು ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು), ಒಂದು ಫೋಟೊಮಲ್ಟಿಪ್ಲಯರ್ (ಆ ಮಿನುಗನ್ನು ವಿದ್ಯುತ್ ಸಂಕೇತವಾಗಿಸುವ ನಳಿಕೆ), ನ್ಯಾನೊಸೆಕೆಂಡ್ ಮಟ್ಟದಲ್ಲಿ ಎಣಿಸುವ ಟೈಮರ್. ಮ್ಯುಯಾನ್ ಒಳಗೆ ನಿಂತಾಗ ಒಂದು ಮಿಂಚು, ಕ್ಷಯಿಸಿದಾಗ ಇನ್ನೊಂದು. 20 ಮೈಕ್ರೊಸೆಕೆಂಡಿನೊಳಗೆ ಜೋಡಿಯಾಗಿ ಬಂದವನ್ನು ಮಾತ್ರ ಇಟ್ಟುಕೊಳ್ಳಿ. ಸಮುದ್ರ ಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದರಂತೆ ಬೀಳುತ್ತವೆ, ಆದರೆ ಬಹುಪಾಲು ನಿಲ್ಲದೆ ಹಾದುಹೋಗುತ್ತವೆ. ಹಾಗಾಗಿ ದಿನಗಟ್ಟಲೆ ಓಡಿಸಬೇಕು. ಮೊದಲು ಕಪ್ಪು ಟೇಪು ಪರೀಕ್ಷಿಸಿ, ಬೆಳಕಿನ ಸೋರಿಕೆಯೇ ಸಾಮಾನ್ಯ ತಪ್ಪು. ಗ್ರಾಫಿಗೆ ಘಾತೀಯ ರೇಖೆ ಹೊಂದಿಸುವಾಗ ಸ್ಥಿರ ಹಿನ್ನೆಲೆಯನ್ನೂ ಸೇರಿಸಿ, ಇಲ್ಲವಾದರೆ ಆಯಸ್ಸು ಉದ್ದ ಬರುತ್ತದೆ. 2.2ಕ್ಕಿಂತ ತುಸು ಕಡಿಮೆ ಬಂದರೆ ಗಾಬರಿ ಬೇಡ: ಋಣ ಮ್ಯುಯಾನ್‌ಗಳಲ್ಲಿ ಕೆಲವನ್ನು ಪ್ಲಾಸ್ಟಿಕ್ಕಿನಲ್ಲಿರುವ ಇಂಗಾಲದ ನ್ಯೂಕ್ಲಿಯಸ್ ಮೊದಲೇ ನುಂಗುತ್ತದೆ. ಒಂದು ಎಚ್ಚರಿಕೆ: ಹೀಗೆ ಸಿಗುವುದು ನಿಂತ ಮ್ಯುಯಾನಿನ ಆಯಸ್ಸು. ಓಡುವಾಗ ಅದು ಹಿಗ್ಗಿದ್ದನ್ನು ತೋರಿಸಲು ಎರಡು ಎತ್ತರಗಳಲ್ಲಿ, ಉದಾಹರಣೆಗೆ ಮಂಗಳೂರಿನಲ್ಲೂ ಮುಳ್ಳಯ್ಯನಗಿರಿಯ ಮೇಲೂ, ಎಣಿಕೆ ತೆಗೆದು ಹೋಲಿಸಬೇಕು.