ಹಳಬರು ಹೋಗಿ ಹುಡುಗರು ಬಂದರೆ ಹೆಣ್ಣು ಗಂಡು ಸಮ ಆಗಿಬಿಡುತ್ತದಾ?

ಹಾಸನದ_ಹೆಣ್ಮಗಳು:
ಕಳೆದ ವಾರ ಊರಿಗೆ ಹೋಗಿದ್ದೆ. ಊಟ ಆದಮೇಲೆ ಅಪ್ಪ ತಮ್ಮ ತಟ್ಟೆ ತಾವೇ ತೊಳೆದಿಟ್ಟರು. ಅವರಿಗೆ 63. ನನ್ನ ತಮ್ಮನಿಗೆ 24, ಇಂಜಿನಿಯರಿಂಗ್ ಓದಿದವನು, ತಟ್ಟೆ ಅಲ್ಲೇ ಬಿಟ್ಟು ಮೊಬೈಲ್ ಹಿಡಿದು ಕೂತ. ಕೂತು ಹೇಳಿದ್ದೇನು ಗೊತ್ತಾ? "ಈಗೆಲ್ಲಾ ನಿಮ್ಮದೇ ಕಾಲ ಅಕ್ಕ, ಬಸ್ಸೂ ಫ್ರೀ, ತಿಂಗಳಿಗೆ 2000 ರೂಪಾಯಿನೂ ಫ್ರೀ, ಇನ್ನೂ ಯಾವ ಸಮಾನತೆ ಬೇಕು?" ಅಂತ. ನಾನು ಇಷ್ಟು ದಿನ ವಯಸ್ಸಾದವರದ್ದೇ ತಕರಾರು, ಹೊಸಬರು ಬಂದರೆ ಎಲ್ಲಾ ತಾನಾಗೇ ಸರಿಹೋಗುತ್ತದೆ ಅಂದುಕೊಂಡಿದ್ದೆ. ಹಾಗಲ್ವಾ? ಬೇರೆ ಕಡೆ ಹೇಗಿದೆ? ನಮ್ಮನೆ ಒಂದೇ ಹೀಗಾ?

ಲೆಕ್ಕದ_ಮೇಷ್ಟ್ರು:
ನಿಮ್ಮನೆ ಒಂದೇ ಅಲ್ಲಮ್ಮ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್‌ನವರು 2019ರ ಕೊನೆಯಿಂದ 2020ರ ಮಾರ್ಚ್‌ವರೆಗೆ ನಮ್ಮ ದೇಶದಲ್ಲಿ ಸುಮಾರು 30,000 ಜನರನ್ನು ಕೇಳಿದ್ದರು. ಗಂಡಸು ಹೆಂಗಸು ಇಬ್ಬರೂ ಒಂದೇ ಸಮ ಒಳ್ಳೇ ರಾಜಕೀಯ ನಾಯಕರಾಗುತ್ತಾರೆ ಅಂದವರು 55%. ಹೆಂಗಸರೇ ವಾಸಿ ಅಂತ ಇನ್ನೂ 14% ಹೇಳಿದರು. ಖುಷಿಪಡೋಣ ಅನ್ನುವಷ್ಟರಲ್ಲಿ ಇನ್ನೊಂದು ಪ್ರಶ್ನೆ: ಹೆಂಡತಿ ಯಾವಾಗಲೂ ಗಂಡ ಹೇಳಿದಂತೆ ಕೇಳಬೇಕಾ? 87% ಹೌದು ಅಂದರು. ಕೆಲಸ ಕಮ್ಮಿ ಇರುವಾಗ ಮೊದಲ ಹಕ್ಕು ಗಂಡಸರಿಗೆ ಅಂದವರು 80%. ದೇಶ ಆಳಬಹುದು, ಮನೆಗೆ ಬಂದಮೇಲೆ ಗಂಡನ ಮಾತು ಮೀರಬಾರದು ಅಂತ ಆಯ್ತು! ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ 35 ದಾಟದವರಿಗೂ ದಾಟಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಇನ್ನೊಂದು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಕಾರಣ ಕೊಟ್ಟು, ಇದರಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯೋದು ಸರಿಯಾ ಅಂತ ಕೇಳಿದ್ದರು. ಅಡುಗೆ ಕೆಟ್ಟಿದ್ದು, ಹೇಳದೆ ಹೊರಗೆ ಹೋಗಿದ್ದು, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದು, ಇಂಥವು. ಕರ್ನಾಟಕದಲ್ಲಿ ಒಂದಾದರೂ ಕಾರಣಕ್ಕೆ ಸರಿ ಅಂದ ಗಂಡಸರು ಸುಮಾರು 82%, ಹೆಂಗಸರು 77%. ಹಿಮಾಚಲದಲ್ಲಿ ಇಬ್ಬರದ್ದೂ 15%ಕ್ಕಿಂತ ಕಮ್ಮಿ. ಬೇರೆ ದೇಶದವರೆಗೆ ಯಾಕೆ ಹೋಗಬೇಕು ಹೇಳಿ.

ಸಿಂಗಲ್_ಗೌಡ:
77% ಹೆಂಗಸರಾ? ನಂಬೋಕೇ ಆಗಲ್ಲ ಮೇಷ್ಟ್ರೇ. ಇರಲಿ, ನಮ್ಮ ಕಡೆ ಮಾತೂ ಸ್ವಲ್ಪ ಕೇಳಿ. ನನಗೆ 31. ಎರಡು ಎಕರೆ ಗದ್ದೆ ಇದೆ, ದನ ಇದೆ, ಸಾಲನೂ ಇದೆ. ಹೆಣ್ಣು ನೋಡೋಕೆ ಹೋದರೆ ಮೊದಲ ಪ್ರಶ್ನೆ ಬೆಂಗಳೂರಲ್ಲಿ ಕೆಲಸ ಇದೆಯಾ ಅಂತ. 2023ರ ಫೆಬ್ರವರಿಯಲ್ಲಿ ಮಂಡ್ಯದಿಂದ ನಮ್ಮಂಥ ಹುಡುಗರು ಹೆಣ್ಣು ಸಿಗಲಿ ಅಂತ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಎಲ್ಲರೂ ನಕ್ಕರು. ಸಮಾನತೆ ಅಂದರೆ ಸಂಬಳ, ಮನೆ, ಕಾರು ಗಂಡೇ ತರಬೇಕು, ಆಮೇಲೆ ಪಾತ್ರೆನೂ ತೊಳೀಬೇಕು ಅಂತಾನಾ? ಅಕ್ಕನ ತಮ್ಮ ಪೂರ್ತಿ ತಪ್ಪು ಹೇಳಿಲ್ಲ ಬಿಡಿ.

ಲೆಕ್ಕದ_ಮೇಷ್ಟ್ರು:
ಗೌಡ್ರೇ, ನಿಮ್ಮ ಸಂಕಟ ಸುಳ್ಳಲ್ಲ. ಆದರೆ ಅದೇ ಮಂಡ್ಯದಲ್ಲಿ ಅದೇ ವರ್ಷದ ಕೊನೆಗೆ ಹೆಣ್ಣು ಭ್ರೂಣ ಹತ್ಯೆಯ ದೊಡ್ಡ ಜಾಲ ಸಿಕ್ಕಿಬಿತ್ತು. ಹುಟ್ಟೋಕೇ ಬಿಡದಿದ್ದರೆ ಹೆಣ್ಣು ಎಲ್ಲಿಂದ ಸಿಗಬೇಕು? ಇನ್ನು, ನಿಮ್ಮ ಹಾಗೆ ಅನ್ನಿಸುವವರು ಜಗತ್ತಲ್ಲೆಲ್ಲಾ ಇದ್ದಾರೆ. 2024ರಲ್ಲಿ ಇಪ್ಸಾಸ್ ಅನ್ನೋ ಸರ್ವೇ ಕಂಪನಿ 31 ದೇಶಗಳಲ್ಲಿ ಮಾಡಿದ ಸರ್ವೇಲಿ, ಹೆಂಗಸರ ಸಮಾನತೆ ಅತಿಯಾಗಿ ಈಗ ಗಂಡಸರಿಗೇ ಅನ್ಯಾಯ ಆಗುತ್ತಿದೆ ಅಂದವರು ಜೆನ್ ಝೀ, ಅಂದರೆ 1990ರ ದಶಕದ ಕೊನೆಯಿಂದ ಈಚೆಗೆ ಹುಟ್ಟಿದ ಹುಡುಗರಲ್ಲಿ 60%, ಅಜ್ಜಂದಿರ ವಯಸ್ಸಿನವರಲ್ಲಿ 43%. ಅದು ಆನ್‌ಲೈನ್ ಸರ್ವೇ ಅನ್ನೋದು ನೆನಪಿರಲಿ, ನಮ್ಮ ದೇಶದಲ್ಲಿ ಉತ್ತರ ಕೊಟ್ಟವರು ಜಾಸ್ತಿ ಪೇಟೆಯವರು.

ಸುವೊನ್_ಕನ್ನಡಿಗ:
ದಕ್ಷಿಣ ಕೊರಿಯಾಕ್ಕೆ ಬಂದು ಆರು ವರ್ಷ ಆಯ್ತು. ಇಲ್ಲಿ ನೋಡಿದ್ದನ್ನು ಹೇಳುತ್ತೇನೆ, ಯಾಕಂದರೆ ನಿಮ್ಮ ತಮ್ಮನಂಥವರನ್ನು ದಿನಾ ಆಫೀಸಿನಲ್ಲಿ ನೋಡುತ್ತೇನೆ. 2008ರವರೆಗೂ ಇಲ್ಲಿ ಮನೆಯ ಯಜಮಾನ ಗಂಡಸೇ ಅಂತ ಕಾನೂನೇ ಇತ್ತು. ಅಪ್ಪ ಸತ್ತರೆ ಅಮ್ಮ ಅಲ್ಲ, ಮಗ ಇನ್ನೂ ಮಗುವಾಗಿದ್ದರೂ ಅವನೇ ಯಜಮಾನ. ಅದು ಹೋಯ್ತು, ಹುಡುಗಿಯರು ಓದಿದರು, ಕೆಲಸಕ್ಕೆ ಬಂದರು. ಈಗ ಹುಡುಗರು ಏನಂತಾರೆ ಗೊತ್ತಾ, ಯಜಮಾನಿಕೆಯ ಸುಖ ಉಂಡಿದ್ದು ನಮ್ಮಪ್ಪಂದಿರು, ಒಂದೂವರೆ ವರ್ಷ ಕಡ್ಡಾಯ ಸೇನೆಗೆ ಹೋಗಬೇಕಾಗಿರೋದು ಮಾತ್ರ ನಾವು, ಅಷ್ಟರಲ್ಲಿ ಹುಡುಗಿಯರು ನಮಗಿಂತ ಮೊದಲು ಕೆಲಸ ಹಿಡಿಯುತ್ತಾರೆ ಅಂತ. 2022ರ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ಯೂನ್ ಸುಕ್ ಯೋಲ್ ಲಿಂಗ ಸಮಾನತೆಯ ಸಚಿವಾಲಯವನ್ನೇ ಮುಚ್ಚುತ್ತೇನೆ ಅಂದರು. ಮತಗಟ್ಟೆ ಸಮೀಕ್ಷೆಯಲ್ಲಿ 30 ದಾಟದ ಹುಡುಗರಲ್ಲಿ ಸುಮಾರು 58% ಅವರಿಗೆ, ಹುಡುಗಿಯರಲ್ಲೂ ಸುಮಾರು 58%, ಆದರೆ ಎದುರಾಳಿಗೆ! ಒಂದೇ ಕ್ಲಾಸಲ್ಲಿ ಓದಿದವರು. 2023ರಲ್ಲಿ ಇಲ್ಲಿನ ಹೆರಿಗೆ ದರ 0.72, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಒಂದು ಮಗುನೂ ಇಲ್ಲ. ಮನೆ ಬಾಡಿಗೆ, ಟ್ಯೂಷನ್ ಖರ್ಚೂ ಕಾರಣವೇ, ಆದರೆ ಮದುವೆ ಆದರೆ ಹಬ್ಬಕ್ಕೆ ಗಂಡನ ಮನೇಲಿ ಅಡುಗೆ ಮಾಡಿ ಸಾಯಬೇಕು ಅನ್ನೋದನ್ನು ನನ್ನ ಟೀಮಿನ ಹುಡುಗಿಯೇ ಹೇಳಿದ್ದಾಳೆ.

ತವರಿನ_ಪಾಲು:
ನಾನು 53ರವಳು, ಸರ್ವೇ ಗಿರ್ವೇ ಗೊತ್ತಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಅಂತ 1994ರಲ್ಲೇ ಕಾನೂನು ಬಂತು, ದೇಶಕ್ಕೆಲ್ಲಾ ಬಂದಿದ್ದು 2005ರಲ್ಲಿ. ನನ್ನ ಮದುವೆ 1996. ಅಂದರೆ ಪಾಲು ನನಗೂ ಇತ್ತು. ಆಮೇಲೆ ಅಪ್ಪ ತೀರಿಕೊಂಡ ವರ್ಷ ಅಣ್ಣ ಬಂದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋದ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ, ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, 5000 ರೂಪಾಯಿ ಕೊಟ್ಟ. ದಾರೀಲಿ ಹೋಟೆಲಲ್ಲಿ ಮಸಾಲೆ ದೋಸೆನೂ ಕೊಡಿಸಿದ. ಹಾಕಲ್ಲ ಅಂದಿದ್ದರೆ ತವರು ಮನೆ ಬಾಗಿಲು ಮುಚ್ಚುತ್ತಿತ್ತು. ನನ್ನ ಅಣ್ಣನನ್ನು ನಿಮ್ಮ ಪ್ಯೂನವರು ಕೇಳಿದ್ದರೆ ಹೆಣ್ಣುಮಕ್ಕಳಿಗೂ ಸಮಪಾಲು ಇರಬೇಕು ಅಂತಲೇ ಅನ್ನುತ್ತಿದ್ದ. ಸುಳ್ಳು ಹೇಳುವ ಮನುಷ್ಯ ಅಲ್ಲ ಅವನು. ಸಮಪಾಲು ಬೇರೆಯವರ ಮನೇಲಿ, ಅಷ್ಟೇ.

ಲೆಕ್ಕದ_ಮೇಷ್ಟ್ರು:
ತಾಯಿ, ನಮ್ಮ ಕೋಷ್ಟಕದಲ್ಲಿ ಬರದೆ ಇರೋದು ಇದೇ ನೋಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಹೊತ್ತು 289 ನಿಮಿಷ, ಮಾಡುವ ಗಂಡಸರದ್ದು 88. ಹೆಂಗಸರ ಈ ಕೆಲಸಕ್ಕೆ ಎಷ್ಟು ಬೆಲೆ ಅಂತ ಮುಷ್ಕರ ಮಾಡಿ ತೋರಿಸಿದವರೂ ಇದ್ದಾರೆ. ಐಸ್‌ಲೆಂಡಿನಲ್ಲಿ 1975ರ ಅಕ್ಟೋಬರ್ 24ರಂದು ಸುಮಾರು 90% ಹೆಂಗಸರು ಆಫೀಸು, ಅಡುಗೆ, ಮಕ್ಕಳು ಎಲ್ಲಾ ಬಿಟ್ಟು ಬೀದಿಗೆ ಬಂದರು. ಅಪ್ಪಂದಿರು ಮಕ್ಕಳನ್ನು ಎತ್ತಿಕೊಂಡೇ ಕೆಲಸಕ್ಕೆ ಹೋಗಬೇಕಾಯ್ತು. 1980ರಲ್ಲಿ ಅಲ್ಲಿ ಹೆಣ್ಣೇ ರಾಷ್ಟ್ರಾಧ್ಯಕ್ಷೆ. ಇಷ್ಟಾಗಿಯೂ 2023ರಲ್ಲಿ ಅದೇ ಅಕ್ಟೋಬರ್ 24ಕ್ಕೆ ಮತ್ತೆ ಮುಷ್ಕರ ಮಾಡಿದರು, ಆಗಿನ ಪ್ರಧಾನಿ ಕಾತ್ರಿನ್ ಯಾಕೋಬ್ಸ್‌ದೊತ್ತಿರ್ ಕೂಡ ಕೆಲಸ ಬಿಟ್ಟು ಕೂತರು.

ಸಿಂಗಲ್_ಗೌಡ:
ನಮ್ಮೂರಲ್ಲಿ ಒಂದು ದಿನ ಹಂಗೆ ಮಾಡಿದರೆ ಹಾಲು ಕರೆಯೋರೇ ಇರಲ್ಲ. ಡೇರಿ ಮುಚ್ಚಬೇಕು ಅಷ್ಟೇ 😄

ಹಾಸನದ_ಹೆಣ್ಮಗಳು:
ಎಲ್ಲರಿಗೂ ಥ್ಯಾಂಕ್ಸ್. ತಮ್ಮನಿಗೆ ಈ ಚರ್ಚೆ ಕಳಿಸಿದೆ, ನೋಡಿದ್ದಾನೆ, ಉತ್ತರ ಇಲ್ಲ. ಅಮ್ಮನಿಗೆ ಫೋನ್ ಮಾಡಿ, ಅಪ್ಪ ಮೊದಲಿಂದಲೂ ಹೀಗೇನಾ ಅಂತ ಕೇಳಿದೆ. ನಗುತ್ತಾ ಅಂದರು: "ಎಲ್ಲಿಂದ ಬಂತು! ನನ್ನ ಬೆನ್ನಿನ ಆಪರೇಷನ್ ಆದಮೇಲೆ ಶುರು ಮಾಡಿದ್ದು. ಅದೂ ಮೊದಲ ತಿಂಗಳು ತಟ್ಟೆನ ಸಿಂಕ್‌ವರೆಗೆ ತಂದಿಟ್ಟು, ತೊಳೆದೆ ಅಂತ ಹೇಳ್ತಿದ್ದರು."