ಹಳೇ ಹಲಗೆಯಲ್ಲಿ ಮರದ ಮೇಲೊಂದು ಮನೆ: ಪುಣೆಯವರು ಹೇಳಿ

ಹುಬ್ಬಳ್ಳಿಯ ಅಪ್ಪ, ಭೋಸರಿ
ಬಾಡಿಗೆ ಮನೆ ಹಿತ್ತಲಲ್ಲಿ ದೊಡ್ಡ ಮಾವಿನ ಮರ ಇದೆ. ಮಾಲೀಕರೂ ಒಪ್ಪಿದ್ದಾರೆ, ‘ಕಾಯಿ ಮಾತ್ರ ಉದುರಿಸಬೇಡಿ’ ಅಂದರು. ಮಗಳು ನಾಲ್ಕನೇ ಕ್ಲಾಸು, ಮಗ ಒಂದನೇದು. ಮರದ ಮೇಲೆ ಮನೆ ಬೇಕೇ ಬೇಕು ಅಂತ ಹಟ. ಪಕ್ಕದ ವರ್ಕ್‌ಶಾಪಿನವರು ಹಳೇ ಪ್ಯಾಲೆಟ್ (ಸರಕು ಪೇರಿಸಿಡೋ ಮರದ ಹಲಗೆ ಚೌಕಟ್ಟು) ಸುಮ್ನೆ ಕೊಡ್ತಾರಂತೆ. ತರಬಹುದಾ? ಮಕ್ಕಳಿಗೆ ಯಾವ ಕೆಲಸ ಕೊಡಲಿ?

ಉಳಿ-ಸುತ್ತಿಗೆ, ಕೋಥ್ರೂಡ್
ಮೊದಲು ಪ್ಯಾಲೆಟ್ ಮೇಲಿನ ಮುದ್ರೆ ನೋಡಿ ಅಣ್ಣಾ. ‘ಎಚ್‌ಟಿ’ ಅಂತಿದ್ರೆ ಬಿಸಿ ಮಾಡಿ ಹುಳ ಕೊಂದ ಮರ, ತನ್ನಿ. ‘ಎಂಬಿ’ ಅಂದ್ರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಮಕ್ಕಳಿರೋ ಕಡೆ ಬೇಡ. ಎಣ್ಣೆ ಕಲೆ ಇರೋದೂ ಬೇಡ. ಪ್ಯಾಲೆಟ್ ಹಲಗೆ ಗೋಡೆಗೆ ಸರಿ, ಭಾರ ಹೊರೋ ತೊಲೆಗೆ ಅಲ್ಲವೇ ಅಲ್ಲ. ಅದಕ್ಕೆ ಹಳೇ ಮನೆ ಕೆಡವಿದ ಕಡೆ ಸಾಗುವಾನಿ ಹುಡುಕಿ. ಬೋಲ್ಟು, ಸ್ಪ್ಯಾನರ್‌ಗೆ ಜುನಾ ಬಾಜಾರ್ ಅನ್ನೋ ಹಳೇ ಸಾಮಾನಿನ ಸಂತೆ ಇದ್ದೇ ಇದೆ. ಭಾನುವಾರ ಬೆಳಿಗ್ಗೆ ಹೋಗಿ, ಚೌಕಾಸಿ ಮಾಡದೆ ಕೊಳ್ಳಬೇಡಿ!

ಶಿರಸಿ ಅಕ್ಕ, ಔಂಧ್
ಮರಕ್ಕೆ ತಂತಿ ಬಿಗಿದು ಸುತ್ತಬೇಡಿ. ಕಾಂಡ ದಪ್ಪ ಆದ ಹಾಗೆ ತಂತಿ ತೊಗಟೆಯೊಳಗೆ ಇಳಿದು ಮರದ ಕುತ್ತಿಗೆ ಹಿಸುಕುತ್ತದೆ. ಹತ್ತಾರು ಮೊಳೆಗಿಂತ ಒಂದು ದಪ್ಪ ಬೋಲ್ಟು ವಾಸಿ. ನೆಲದ ಹಲಗೆಗೂ ಕಾಂಡಕ್ಕೂ ನಡುವೆ ಸಂದು ಬಿಡಿ, ಗಾಳಿಗೆ ಮರ ತೂಗಬೇಕಲ್ವಾ? ಕೊಂಬೆ ಕಡಿಯೋದಿದ್ರೆ ಪಾಲಿಕೆಯ ಅನುಮತಿ ಬೇಕು.
ಚಿಕ್ಕವನಿಗೆ ಮರಳು ಕಾಗದ ಕೊಡಿ, ದೊಡ್ಡವಳಿಗೆ ಅಳತೆ ಟೇಪು. ತುಕ್ಕು ಮೊಳೆ ಕೀಳೋದು ನಿಮ್ಮ ಪಾಲಿಗೆ.

ಹುಬ್ಬಳ್ಳಿಯ ಅಪ್ಪ, ಭೋಸರಿ
ಈಗಷ್ಟೇ ನೋಡಿ ಬಂದೆ, ಮುದ್ರೆ ‘ಎಚ್‌ಟಿ’ನೇ! ಆದ್ರೆ ಮರದ ತುಂಬ ಕೆಂಪಿರುವೆ. ಅದಕ್ಕೇನ್ರೀ ಮಾಡೋದು?