ಕಡಿಮೆ ಬೆಲೆಯ ಸೆಮಿ-ಆಟೋ ರೈಫಲ್‌ಗೆ ಯಾವ ಕ್ಯಾಲಿಬರ್ (ಗುಂಡಿನ ಅಳತೆ)?

ಹೂಸ್ಟನ್_ಹೈದ: ಟೆಕ್ಸಾಸ್‌ನಲ್ಲಿದ್ದೇನೆ. ರೇಂಜ್‌ನಲ್ಲಿ ಅಭ್ಯಾಸಕ್ಕೆ, ಮುಂದೆ ಜಿಂಕೆ ಬೇಟೆಗೂ ಆಗುವಂಥ ಒಂದೇ ರೈಫಲ್ ಬೇಕು. .22 ಎಲ್‌ಆರ್ ಸಾಕಾ, .223 ತಗೊಳ್ಳಲಾ?

ತೋಟದಮನೆ: ಬರೀ ಅಭ್ಯಾಸಕ್ಕಾದರೆ .22ರ ರೂಗರ್ 10/22 ಕಣ್ಣುಮುಚ್ಚಿ ತಗೊಳ್ಳಿ, ಗುಂಡಿನ ಖರ್ಚು ತೀರಾ ಕಮ್ಮಿ. 40 ಗ್ರೇನ್ (ಬುಲೆಟ್ ತೂಕದ ಅಳತೆ) ಹೈ-ವೆಲಾಸಿಟಿ ಗುಂಡು ಹಾಕಿ. ಸಬ್‌ಸಾನಿಕ್‌ (ಶಬ್ದಕ್ಕಿಂತ ನಿಧಾನದ) ಗುಂಡಿನಲ್ಲಿ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೇಸ್ ಸಿಕ್ಕಿಕೊಳ್ಳಬಹುದು. ಆದರೆ ಟೆಕ್ಸಾಸ್‌ನಲ್ಲಿ ಬಿಳಿಬಾಲದ ಜಿಂಕೆಗೆ .22ರಂಥ ರಿಮ್‌ಫೈರ್ (ಕೇಸ್‌ನ ಅಂಚಿಗೆ ಪೆಟ್ಟು ಬಿದ್ದು ಸಿಡಿಯೋ) ಗುಂಡು ನಿಷಿದ್ಧ.

ಗುರಿಕಾರ: ಹಾಗಿದ್ರೆ .223. ಬ್ಯಾರಲ್ ಮೇಲಿನ ಗುರುತು ಓದಿ: ‘.223 ರೆಮಿಂಗ್ಟನ್’ ಅಂತ ಮಾತ್ರ ಇದ್ದರೆ ಅದೇ ಅಳತೆಯ ಸೇನಾ ಗುಂಡು 5.56 ನ್ಯಾಟೋ ಹಾಕಬೇಡಿ, ಒತ್ತಡ ಏರುತ್ತೆ. 5.56 ಅಥವಾ .223 ವೈಲ್ಡ್ ಚೇಂಬರ್‌ಗೆ (ಗುಂಡು ಕೂರೋ ಜಾಗ) ಎರಡೂ ನಡೆಯುತ್ತೆ. 55 ಗ್ರೇನ್‌ಗೆ 1:9 ಟ್ವಿಸ್ಟ್ (ಬ್ಯಾರಲ್ ಒಳಗಿನ ಸುರುಳಿ ಒಂಬತ್ತು ಇಂಚಿಗೆ ಒಂದು ಸುತ್ತು) ಸಾಕು. 77 ಗ್ರೇನ್‌ಗೆ 1:8 ಅಥವಾ 1:7 ಬೇಕು, ಇಲ್ಲದಿದ್ರೆ ಬುಲೆಟ್ ಓಲಾಡಿ ಹಾಳೆಗೆ ಅಡ್ಡಡ್ಡ ಬೀಳುತ್ತೆ. ಜಿಂಕೆಗೆ ಸಾಫ್ಟ್ ಪಾಯಿಂಟ್ (ತುದಿ ಮೆತ್ತಗಿರೋ ಬುಲೆಟ್), ಗಟ್ಟಿ ಲೋಹದ ಹೊದಿಕೆಯ ಫುಲ್ ಮೆಟಲ್ ಜಾಕೆಟ್ ಅಲ್ಲ. ಜಿಂಕೆ ಬೇಟೆಗೆ ಕೊಲರಾಡೋಗೆ ಹೋದರೆ .223 ನಡೆಯಲ್ಲ, ಅಲ್ಲಿ ಕನಿಷ್ಠ .24 ಕ್ಯಾಲಿಬರ್ ಬೇಕು.

ತೋಟದಮನೆ: ಮುಂದೆ .300 ಬ್ಲ್ಯಾಕ್‌ಔಟ್ ಅನ್ನೋ ಇನ್ನೊಂದು ಕ್ಯಾಲಿಬರ್‌ನ ರೈಫಲ್ ಕೂಡ ಕೊಂಡರೆ ಮ್ಯಾಗಜಿನ್‌ಗಳಿಗೆ ಬೇರೆ ಬಣ್ಣದ ಟೇಪ್ ಸುತ್ತಿ. ಅದರ ಗುಂಡು .223 ಚೇಂಬರ್‌ನೊಳಗೆ ಕೂತುಬಿಡಬಹುದು, ಹೊಡೆದರೆ ರೈಫಲ್ಲೇ ಸಿಡಿಯುತ್ತೆ. ಅಂದಹಾಗೆ, ಎಚ್‌1ಬಿ ವೀಸಾದಲ್ಲಿದ್ದರೆ ರೈಫಲ್ ಕೊಳ್ಳೋ ಮೊದಲು ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಮಾಡಿಸಿ.